ಸಂಪಾದಕರ ಉತ್ತರ: ಹಾಡಿನೊಳಗಿನ ಸಿಟ್ಟು

ಜೇವರ್ಗಿಯ ಮಾನ್ಯ ಓದುಗರಿಗೆ ನಮಸ್ಕಾರ.

ಅಮೆರಿಕದ ಇಂಡಿ ರಾಕ್ (ದೊಡ್ಡ ಕಂಪನಿಗಳ ಹಂಗಿಲ್ಲದೆ ಬೆಳೆದ ರಾಕ್ ಸಂಗೀತ) ಗಾಯಕಿ ಲೂಸಿ ಡೇಕಸ್ ಅವರ 2021ರ ‘ಥಂಬ್ಸ್’ ಹಾಡನ್ನು ಕಳೆದ ಸಂಚಿಕೆಯಲ್ಲಿ ನಾವು ಮೆಚ್ಚಿ ಬರೆದದ್ದಕ್ಕೆ, ಗೆಳತಿಯ ತಂದೆಯನ್ನೇ ಕೊಲ್ಲುವೆನೆನ್ನುವ ಹಾಡು ಮಕ್ಕಳ ಕಿವಿಗೆ ಬೀಳಬೇಕೆ ಎಂದು ನೀವು ನೊಂದು ಕೇಳಿದ್ದೀರಿ. ಪಿಯುಸಿ ಓದುವ ಹದಿನೇಳರ ಮಗಳು ಅದನ್ನೇ ಮತ್ತೆ ಮತ್ತೆ ಕೇಳುತ್ತಾಳೆಂದೂ ಬರೆದಿದ್ದೀರಿ.

ಹಾಡಿನ ಕತೆ ಇಷ್ಟು: ಐದನೆಯ ತರಗತಿಯ ನಂತರ ಮಗಳ ಮುಖ ನೋಡದ ತಂದೆ, ಅವಳಿಗೆ ಹತ್ತೊಂಬತ್ತಾದಾಗ ಬಾರೊಂದರಲ್ಲಿ ಭೇಟಿಯಾಗುತ್ತಾನೆ. ಜೊತೆಗೆ ಹೋದ ಗೆಳತಿ ಈ ಹಾಡನ್ನು ಹೇಳುತ್ತಾಳೆ. ಮಗಳು ಅವನೆದುರು ನಗುತ್ತಲೇ ಕೂತಿರುತ್ತಾಳೆ, ಆದರೆ ಅವಳ ಉಗುರುಗಳು ಗೆಳತಿಯ ಮೊಣಕಾಲಿಗೆ ನಾಟಿರುತ್ತವೆ. ಡ್ರಮ್ಮಿನ ಅಬ್ಬರವಿಲ್ಲದ ತಗ್ಗಿದ ದನಿಯಲ್ಲಿ ಗೆಳತಿ ಆಡುವ ಕೊಲೆಯ ಮಾತಿಗೆ ‘ನೀನು ಒಪ್ಪಿದರೆ’ ಎಂಬ ಷರತ್ತು ಇದೆ, ಹಾಡಿನಲ್ಲಿ ಕೊಲೆ ನಡೆಯುವುದೂ ಇಲ್ಲ. ಮನೆತನದ ಮರ್ಯಾದೆಯ ಹೆಸರಿನಲ್ಲಿ ಕೊಡಲಿ ಎತ್ತುವವರು ಹುಡುಗಿಯನ್ನು ಒಂದು ಮಾತೂ ಕೇಳುವುದಿಲ್ಲ ಎಂಬುದನ್ನು ನಮ್ಮ ಭಾಗದವರಾದ ನಾವು ಬಲ್ಲೆವು; ಇಲ್ಲಿ ಸಿಟ್ಟು ನೊಂದವಳ ಅಪ್ಪಣೆಗೆ ಕಾಯುತ್ತದೆ.

ನಮ್ಮ ಮನೆಯಲ್ಲಿ ಸೋದರತ್ತೆ ನಸುಕಿಗೆದ್ದು ಜೋಳ ಬೀಸುವಾಗ, ತನ್ನ ಅಕ್ಕನನ್ನು ಬಡಿಯುತ್ತಿದ್ದ ಅಕ್ಕನ ಗಂಡನ ಕೈ ಸೇದಿಹೋಗಲಿ, ಅವನ ಹೊಲದಲ್ಲಿ ಮುಳ್ಳು ಬೆಳೆಯಲಿ ಎಂದು ಪದ ಕಟ್ಟಿ ಹಾಡುತ್ತಿದ್ದಳು. ಹಗಲಿನಲ್ಲಿ ಹಿರಿಯರೆದುರು ಆಕೆ ಸೆರಗು ಸರಿಪಡಿಸಿಕೊಂಡು ಸುಮ್ಮನಿರುತ್ತಿದ್ದಳು, ಆದರೆ ಬೀಸುಕಲ್ಲಿನ ಮುಂದೆ ಆಕೆಯನ್ನು ತಡೆಯುವ ಧೈರ್ಯ ಯಾರಿಗೂ ಇರಲಿಲ್ಲ. ಆ ಪದ ಕೇಳಿ ಯಾರೂ ಕುಡುಗೋಲು ಹಿಡಿದು ಹೊರಡಲಿಲ್ಲ. ಎರಡು ವರ್ಷ ‘ಹೊಂದಿಕೊಂಡು ಹೋಗಲಿ’ ಎನ್ನುತ್ತಿದ್ದ ನನ್ನ ಅಜ್ಜ ಒಂದು ದಿನ ಬಂಡಿ ಕಟ್ಟಿ ಹೋಗಿ ಆ ಹಿರಿಯ ಮಗಳನ್ನು ತವರಿಗೆ ಕರೆತಂದರು. ಡೇಕಸ್ ಅವರ ಹಾಡು ಕೇಳಿದಾಗ ನನಗೆ ನೆನಪಾದದ್ದು ಆ ಕಲ್ಲಿನ ಸದ್ದು.

ನಿಮ್ಮ ಆಕ್ಷೇಪದಲ್ಲಿ ಒಂದಂಶವನ್ನು ನಾನು ತಲೆಬಾಗಿ ಒಪ್ಪುತ್ತೇನೆ. ಇಂಥ ಲೇಖನದ ಕೆಳಗೆ ನೆರವಿನ ದಾರಿಯನ್ನು ಅಚ್ಚು ಮಾಡದಿದ್ದದ್ದು ನಮ್ಮ ತಪ್ಪು. ಮಹಿಳೆಯರಿಗೆ 181, ಹದಿನೆಂಟರೊಳಗಿನ ಮಕ್ಕಳಿಗೆ 1098 ಸಹಾಯವಾಣಿಗಳಿವೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಗಂಡನ ಹೊಡೆತಕ್ಕೆ ಮಾತ್ರವಲ್ಲ, ಒಂದೇ ಮನೆಯಲ್ಲಿ ಬಾಳಿದ ತಂದೆ ಅಥವಾ ಅಣ್ಣನ ಹಿಂಸೆಗೂ ಅನ್ವಯಿಸುತ್ತದೆ.

ಮಗಳ ಮೊಬೈಲಿನಿಂದ ಆ ಹಾಡನ್ನು ದಯವಿಟ್ಟು ಅಳಿಸಬೇಡಿ. ರಾತ್ರಿ ಊಟವಾದ ಮೇಲೆ ಪಕ್ಕದಲ್ಲಿ ಕೂತು, ಅದನ್ನು ಕೇಳುವಾಗ ಯಾವ ಗೆಳತಿ ನೆನಪಾಗುತ್ತಾಳೆಂದು ಗದರದೆ ಕೇಳಿ, ಅವಳು ಹೇಳಿ ಮುಗಿಸುವವರೆಗೆ ನಡುವೆ ಮಾತಾಡಬೇಡಿ.