ಮುಟ್ಟಿಗೆ ಮುಂಚೆ ತಾರಸ್ಥಾಯಿ ಕೈಕೊಟ್ಟರೆ

ಮುಟ್ಟಿಗೆ ನಾಲ್ಕೈದು ದಿನ ಇರುವಾಗ ತಾರಸ್ಥಾಯಿ, ಅಂದರೆ ಮೇಲಿನ ಸ್ವರ ಸಿಗಲ್ಲ, ಸಾಧನೆ ಸಾಲದೇನೋ, ಇನ್ನೊಂದು ಗಂಟೆ ಜಾಸ್ತಿ ಹಾಡಲೇ ಅಂತ ಕೇಳಿದ್ದೀರಿ. ಬೇಡ. ಆ ದಿನಗಳಲ್ಲಿ ಕಡಿಮೆ ಹಾಡಬೇಕು.

ಅಂಡೋತ್ಸರ್ಗದ (ಅಂಡ ಹೊರಬರುವ ಹಂತದ) ನಂತರ ಪ್ರೊಜೆಸ್ಟರಾನ್ ಅನ್ನೋ ಹಾರ್ಮೋನ್ ಏರಿ ಗಂಟಲಿನ ಲೋಳೆ ಮಂದವಾಗುತ್ತೆ. ಮುಟ್ಟು ಹತ್ತಿರ ಬಂದ ಹಾಗೆ ಧ್ವನಿತಂತುಗಳಲ್ಲಿ ನೀರು ತುಂಬಿ ಕೊಂಚ ಊದಿಕೊಳ್ಳುತ್ತವೆ, ಸಣ್ಣ ರಕ್ತನಾಳಗಳೂ ಹಿಗ್ಗುತ್ತವೆ. ನಿಮ್ಮ ಮಧ್ಯ ಷಡ್ಜ (ನಡುವಿನ 'ಸ') 200 ಹರ್ಟ್ಸ್, ಅಂದರೆ ಸೆಕೆಂಡಿಗೆ 200 ಕಂಪನ ಅಂದುಕೊಳ್ಳಿ: ತಾರ ಷಡ್ಜಕ್ಕೆ (ಮೇಲಿನ 'ಸ') ತಂತುಗಳು ಸೆಕೆಂಡಿಗೆ 400 ಸಲ, ತಾರ ಪಂಚಮಕ್ಕೆ (ಮೇಲಿನ 'ಪ') 600 ಸಲ ಕಂಪಿಸಬೇಕು. ದಪ್ಪಗಾದ ತಂತುವನ್ನು ಅಷ್ಟು ಬಿಗಿ ಮಾಡೋದು ಕಷ್ಟ. ಹಾಗಾಗಿ ಮೊದಲು ಹೋಗೋದು ಮೇಲಿನ ಸ್ವರಗಳು, ಅದರಲ್ಲೂ ಮೆಲ್ಲಗೆ ಹಾಡುವಾಗ. ಎಲ್ಲರಿಗೂ ಹೀಗಾಗಲ್ಲ, ಕೆಲವರಿಗೆ ವ್ಯತ್ಯಾಸವೇ ಗೊತ್ತಾಗಲ್ಲ.

ನಿಮ್ಮದು ಇದೇನಾ ಅಂತ ನೋಡೋಕೆ ದಿನಾ ಒಂದೇ ಹೊತ್ತಿಗೆ, ತಾರಸ್ಥಾಯಿಯ ಒಂದು ಪುಟ್ಟ ಸಾಲನ್ನು ತೀರಾ ಮೆಲ್ಲಗೆ ಹಾಡಿ. ಸ್ವರ ತಡವಾಗಿ ಹುಟ್ಟಿದರೆ, ಮೊದಲು ಬರೀ ಗಾಳಿ ಬಂದರೆ, ಊತ ಇದೆ ಅಂತ ಅನುಮಾನಿಸಬಹುದು. ಜೋರಾಗಿ ಹಾಡಿದರೆ ಈ ಲಕ್ಷಣ ಮುಚ್ಚಿಹೋಗುತ್ತೆ, ಅನೇಕರು ಮೋಸ ಹೋಗೋದು ಇಲ್ಲೇ. ಮುಟ್ಟಿನ ದಿನದ ಲೆಕ್ಕದ ಜೊತೆ ಮೂರು ತಿಂಗಳು ಬರೆದಿಡಿ. ಪ್ರತಿ ತಿಂಗಳೂ ಅದೇ ದಿನಗಳಲ್ಲಿ ಕೆಟ್ಟು ತಾನಾಗಿ ಸರಿಹೋಗ್ತಿದ್ದರೆ ಕಾರಣ ಅದೇ ಇರಬೇಕು.

ಆ ದಿನಗಳಲ್ಲಿ ಗ್ಲಾಸಿನ ನೀರಿಗೆ ಸ್ಟ್ರಾ ಎರಡು ಸೆಂ.ಮೀ. ಮುಳುಗಿಸಿ, ಗುಳ್ಳೆ ಬರಿಸುತ್ತಾ ಐದು ನಿಮಿಷ 'ಊ' ಅಂತ ಸ್ವರ ಜಾರಿಸಿ. ಆಮೇಲೆ ಮಂದ್ರ, ಮಧ್ಯ ಸ್ಥಾಯಿಯಲ್ಲಿ (ಕೆಳಗಿನ, ನಡುವಿನ ಸ್ವರಗಳಲ್ಲಿ) 20 ನಿಮಿಷ ಹಾಡಿದರೆ ಸಾಕು. ಕಛೇರಿ ತಪ್ಪಿಸೋಕಾಗದಿದ್ದರೆ ಶ್ರುತಿ ಅರ್ಧ ಮನೆ (ಹಾರ್ಮೋನಿಯಂನಲ್ಲಿ ಪಕ್ಕದ ಕೆಳಗಿನ ಕೀಲಿಗೆ) ಇಳಿಸಿ. ಅದರಲ್ಲಿ ಅವಮಾನ ಏನಿಲ್ಲ. ಯೂರೋಪಿನ ಕೆಲವು ಆಪೆರಾ ಮನೆಗಳು ಹಿಂದೆ ಗಾಯಕಿಯರಿಗೆ ಈ ದಿನಗಳಲ್ಲಿ ರಜೆಯನ್ನೇ ಕೊಡ್ತಿದ್ದವು.

ಹೊಟ್ಟೆನೋವಿನ ಮಾತ್ರೆ ಬಗ್ಗೆ ಹುಷಾರು. ಆಸ್ಪಿರಿನ್, ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್ ರಕ್ತ ಹೆಪ್ಪುಗಟ್ಟೋದನ್ನು ತಗ್ಗಿಸುತ್ತವೆ. ಹಿಗ್ಗಿದ ನಾಳ, ಜೋರು ಹಾಡು, ಜೊತೆಗೆ ಈ ಮಾತ್ರೆ ಸೇರಿದರೆ ತಂತುವಿನೊಳಗೆ ರಕ್ತ ಸೋರುವ ಅಪಾಯ ಹೆಚ್ಚು. ಆಸ್ಪಿರಿನ್ ಪರಿಣಾಮವಂತೂ ಸುಮಾರು ಒಂದು ವಾರ ಇರುತ್ತೆ. ಹಾಡೋದಿದ್ದರೆ ಪ್ಯಾರಾಸಿಟಮಾಲ್ ಆಗುತ್ತಾ ಅಂತ ವೈದ್ಯರನ್ನು ಕೇಳಿ (ಹೃದಯಕ್ಕೆ ಅಂತ ಕೊಟ್ಟ ಆಸ್ಪಿರಿನ್ ನೀವಾಗಿ ನಿಲ್ಲಿಸಬೇಡಿ). ಎಂಡೊಮೆಟ್ರಿಯೋಸಿಸ್‌ಗೆ (ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ತೊಂದರೆ) ಡ್ಯಾನಜೋಲ್ ಅನ್ನೋ ಹಾರ್ಮೋನ್ ಮಾತ್ರೆ ಬರೆದುಕೊಟ್ಟರೆ 'ನಾನು ಹಾಡ್ತೀನಿ' ಅಂತ ಮೊದಲೇ ಹೇಳಿ. ಅದರಿಂದ ದಪ್ಪಗಾದ ಧ್ವನಿ ಮಾತ್ರೆ ಬಿಟ್ಟರೂ ಮೊದಲಿನ ಹಾಗೆ ಆಗದೇ ಇರಬಹುದು.

ಹಾಡುತ್ತಿರುವಾಗಲೇ ಧ್ವನಿ ಥಟ್ಟನೆ ಹೋದರೆ, ನೋವಿಲ್ಲದಿದ್ದರೂ, ಅಲ್ಲಿಗೇ ನಿಲ್ಲಿಸಿ, ತಂತುವಿನೊಳಗೆ ರಕ್ತ ಸೋರಿರಬಹುದು. ಪಿಸುಮಾತೂ ಬೇಡ. ಕಿವಿ-ಮೂಗು-ಗಂಟಲು ತಜ್ಞರ ಹತ್ತಿರ ಆದಷ್ಟು ಬೇಗ ಹೋಗಿ, ಸ್ಟ್ರೋಬೋಸ್ಕೋಪಿ (ಮಿನುಗುವ ಬೆಳಕಿನಲ್ಲಿ ತಂತುಗಳ ಕಂಪನ ನೋಡುವ ಪರೀಕ್ಷೆ) ಇರುವ ಕಡೆ ತೋರಿಸಿ.