ಅಟ್ಟದ ಕೊಬ್ಬರಿಗೆ ಈ ಸಲ ಇಷ್ಟು ಅವಸರ ಏಕೆ?

ಓದುಗರ ಪತ್ರ: ‘ತಿಪಟೂರಿನ ಹತ್ತಿರ ನಮ್ಮ ತೋಟ. ಅಪ್ಪನಿಗೆ 68 ವರ್ಷ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್, ಲಿವರಿಗೂ ಹಬ್ಬಿದೆ, ಇನ್ನು ಕೆಲವೇ ತಿಂಗಳು ಎಂದಿದ್ದಾರೆ ಡಾಕ್ಟರು. ಅಪ್ಪನಿಗೆ ಹೊಟ್ಟೆಹುಣ್ಣು ಎಂದು ಹೇಳಿದ್ದೇವೆ. ನಿಜ ಹೇಳಿದರೆ ಅವತ್ತೇ ಕುಸಿದುಹೋಗ್ತಾನೆ ಅಂತಾರೆ ದೊಡ್ಡಪ್ಪ, ಅಣ್ಣನದೂ ಅದೇ ಮಾತು. ನಾನು ವಾರವಾರ ಬೆಂಗಳೂರಿನಿಂದ ಹೋಗಿ, ಅಪ್ಪನ ಮುಂದೆ ನಕ್ಕು, ವಾಪಸು ಬಸ್ಸಿನಲ್ಲಿ ಅಳುತ್ತೇನೆ. ಹೇಳಬೇಕೋ ಬೇಡವೋ? ನಾನು ಯಾರ ಹತ್ತಿರ ಹೇಳಿಕೊಳ್ಳಲಿ?’
(ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ:

ತಂಗಿ,

ನಿಮ್ಮ ಪತ್ರದ ಕೊನೆಯ ಪುಟದಲ್ಲಿ ಒಂದು ಸಾಲಿದೆ. ‘ಅಟ್ಟದ ಕೊಬ್ಬರಿ ಈಗಲೇ ಕೊಟ್ಟುಬಿಡೋಣ ಅಂತ ಅಪ್ಪ ಹಟ ಹಿಡಿದಿದ್ದಾರೆ, ಅದನ್ನೂ ನಾನೇ ನೋಡಬೇಕು.’ ಇರೋ ತಾಪತ್ರಯದ ಜೊತೆ ಇದೊಂದು ಎನ್ನುವ ಹಾಗೆ ಬರೆದಿದ್ದೀರಿ. ನಾನು ಆ ಸಾಲಿನಲ್ಲೇ ನಿಂತುಬಿಟ್ಟೆ.

ನಿಮ್ಮ ಸೀಮೆಯ ವಿಷಯ ನಿಮಗೆ ನಾನು ಹೇಳಬೇಕೇ? ಅಟ್ಟಕ್ಕೆ ಹಾಕಿದ ಕಾಯಿಗೆ ವರ್ಷದ ಹತ್ತಿರ ಹತ್ತಿರ ಯಾರೂ ಕೈ ಹಚ್ಚುವುದಿಲ್ಲ. ನೀರು ಇಂಗಬೇಕು, ಕೊಬ್ಬರಿ ಚಿಪ್ಪು ಬಿಡಬೇಕು, ಅಲ್ಲಾಡಿಸಿದರೆ ಒಳಗೆ ಲೊಡಕ್ ಎನ್ನಬೇಕು. ಅದಾದ ಮೇಲೂ ರೇಟು ಏರಲಿ ಎಂದು ಕಾಯುವವರೇ ಹೆಚ್ಚು. ಜೀವಮಾನವೆಲ್ಲ ಹಾಗೆ ಕಾದ ಮನುಷ್ಯ ಈಗ ‘ಕೊಟ್ಟುಬಿಡೋಣ’ ಎನ್ನುತ್ತಿದ್ದಾರೆ. ಅವರಿಗೆ ಗೊತ್ತಾಗಿದೆ ಅಂತಲೇ ನನಗನ್ನಿಸುತ್ತದೆ. ಪೂರ್ತಿ ಅಲ್ಲದಿದ್ದರೂ ಬೇಕಾದಷ್ಟು.

ನಾವೂ ಇದನ್ನೇ ಮಾಡಿದವರು. ‘ಗಡ್ಡೆ, ಕರಗುತ್ತೆ’ ಅಂತ ಹೇಳಿ ಅಮ್ಮನನ್ನು ಕಿದ್ವಾಯಿಗೆ ಕರೆದುಕೊಂಡು ಹೋಗುತ್ತಿದ್ದೆವು. ನಮ್ಮ ರಾಜ್ಯದಲ್ಲಿ ಆ ಹೆಸರು ಕೇಳಿದರೆ ಯಾವ ಕಾಯಿಲೆ ಎಂದು ಯಾರೂ ಕೇಳುವುದಿಲ್ಲ. ಅಮ್ಮನಿಗೆ ಮಾತ್ರ ತಿಳಿಯಲಿಕ್ಕಿಲ್ಲ ಎಂದುಕೊಂಡಿದ್ದೆವಲ್ಲ, ನಮ್ಮ ಪೆದ್ದುತನಕ್ಕೆ ಏನು ಹೇಳಲಿ! ಫೈಲನ್ನು ನಾನು ಬೀರುವಿನಲ್ಲಿ ಹಳೇ ಸೀರೆಗಳ ಅಡಿಗೆ ಬಚ್ಚಿಡುತ್ತಿದ್ದೆ. ಒಂದು ದಿನ ತೆಗೆದರೆ ರಿಪೋರ್ಟುಗಳೆಲ್ಲ ತಾರೀಖಿನ ಪ್ರಕಾರ ಜೋಡಿಸಿದ್ದವು, ಮೇಲೊಂದು ರಬ್ಬರ್ ಬ್ಯಾಂಡು. ನಮ್ಮ ಮನೆಯಲ್ಲಿ ಹಪ್ಪಳದ ಪೊಟ್ಟಣಕ್ಕೂ ಹಾಲಿನ ಚೀಟಿಗೂ ರಬ್ಬರ್ ಬ್ಯಾಂಡು ಹಾಕುತ್ತಿದ್ದವಳು ಒಬ್ಬಳೇ. ನಾವು ನೊಂದುಕೊಳ್ಳುತ್ತೇವೆ ಎಂದು ಅವಳು ಗೊತ್ತಿಲ್ಲದವಳ ಹಾಗೆ ಇದ್ದಳು. ಆಮೇಲೂ ನಾನು ಬಾಯಿ ಬಿಡಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

ಹಾಗಂತ ನಾಳೆಯೇ ಹೋಗಿ ‘ಅಪ್ಪಾ, ನಿನಗೆ ಇಂಥದ್ದು’ ಎಂದು ಹೇಳಿಬಿಡಿ ಎನ್ನುತ್ತಿಲ್ಲ. ಮೊದಲು ಕೇಳಿ. ‘ನಿಂಗೆ ಏನನ್ನಿಸ್ತಿದೆ? ಡಾಕ್ಟರು ಹೇಳಿದ್ದನ್ನೆಲ್ಲ ತಿಳ್ಕೋಬೇಕು ಅನ್ಸುತ್ತಾ, ಅಣ್ಣ ನೋಡ್ಕೊಳ್ಳಲಿ ಅನ್ಸುತ್ತಾ?’ ಬೇಡ ಎಂದರೆ ಅಲ್ಲಿಗೆ ಬಿಡಿ. ಅದು ಅವರ ಹಕ್ಕು. ಕೇಳಿದರೆ ಮಾತ್ರ ಸುಳ್ಳು ಬೇಡ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ದೊಡ್ಡಪ್ಪನನ್ನೂ ಕರೆದುಕೊಂಡು ಹೋಗಿ. ಅವರು ಕಳೆದುಕೊಳ್ಳುತ್ತಿರುವುದು ತಮ್ಮನನ್ನು. ಆ ಹಟದ ಹಿಂದೆ ಇರುವುದು ಹೆದರಿಕೆ.

ಇನ್ನು ನೋವಿನ ವಿಚಾರ. ರಾತ್ರಿ ಅಪ್ಪ ಮಂಚದ ಮೇಲೆ ಮುಂದಕ್ಕೆ ಬಾಗಿ ಕೂತಿರುತ್ತಾರೆ ಎಂದು ಬರೆದಿದ್ದೀರಿ. ಈ ಕಾಯಿಲೆಯ ನೋವು ಹೊಟ್ಟೆಯಿಂದ ಬೆನ್ನಿಗೆ ಹೊಡೆಯುತ್ತದೆ, ಬಾಗಿ ಕೂತರೆ ಸ್ವಲ್ಪ ತಡೆಯುತ್ತದೆ. ಹಾಗೆ ಕೂತು ರಾತ್ರಿ ಕಳೆಯಬೇಕಾದ ಕರ್ಮ ಅವರಿಗಿಲ್ಲ. ‘ಪ್ಯಾಲಿಯೇಟಿವ್ ಕೇರ್ ವಿಭಾಗಕ್ಕೆ ಬರೆದುಕೊಡಿ’ ಎಂದು ಡಾಕ್ಟರನ್ನು ಬಾಯಿಬಿಟ್ಟು ಕೇಳಿ; ಕಾಯಿಲೆ ವಾಸಿಯಾಗದಿದ್ದರೂ ನೋವು, ಸಂಕಟ ತಗ್ಗಿಸಿ ನೋಡಿಕೊಳ್ಳುವ ವಿಭಾಗ ಅದು. ಅಲ್ಲಿ ಇಂಥ ಜೋರು ನೋವಿಗೆ ಕೊಡುವ ಮಾರ್ಫಿನ್ ಮಾತ್ರೆ ಎಂದೊಡನೆ ಅಣ್ಣ ‘ಚಟ ಆಗುತ್ತೆ’ ಎನ್ನಬಹುದು. ನೋವಿಗೆ ತಕ್ಕಷ್ಟು, ಸಾಮಾನ್ಯವಾಗಿ 4 ಗಂಟೆಗೊಮ್ಮೆ, ವೈದ್ಯರು ಲೆಕ್ಕ ಹಾಕಿ ಕೊಡುವ ಔಷಧಿ ಅದು. ಆ ಭಯಕ್ಕೆ ನೋವು ತಿನ್ನಿಸಬೇಡಿ. ಮಲಬದ್ಧತೆ ಆಗೇ ಆಗುತ್ತದೆ, ಅದಕ್ಕೂ ಔಷಧಿ ಜೊತೆಯಲ್ಲೇ ಬರೆಸಿಕೊಳ್ಳಿ. 1985ರ ಮಾದಕವಸ್ತು ಕಾನೂನಿನ ಬಿಗಿಯಿಂದ ಇದು ಸಿಗುವುದೇ ಕಷ್ಟವಾಗಿತ್ತು. 2014ರ ತಿದ್ದುಪಡಿ ಆ ಗಂಟನ್ನು ಸಡಿಲ ಮಾಡಿದೆ. ಆದರೂ ಊರಿನ ಮೆಡಿಕಲ್ ಶಾಪಿನಲ್ಲಿ ಸಿಕ್ಕೀತು ಎಂದು ನಂಬಿ ಕೂರಬೇಡಿ, ಆಸ್ಪತ್ರೆಯಿಂದಲೇ ತನ್ನಿ. ತುಮಕೂರು ಜಿಲ್ಲಾಸ್ಪತ್ರೆಯಲ್ಲೂ ಒಮ್ಮೆ ವಿಚಾರಿಸಿ. ಅಪ್ಪನನ್ನು ಬೆಂಗಳೂರಿಗೆ ಕರೆತಂದರೆ, ಮಾರತ್ತಹಳ್ಳಿ ಹತ್ತಿರದ ಕರುಣಾಶ್ರಯ ಇದೆ. ವಾಸಿಯಾಗದ ಕ್ಯಾನ್ಸರ್ ರೋಗಿಗಳನ್ನು 1999ರಿಂದ ಒಂದು ಪೈಸೆ ತೆಗೆದುಕೊಳ್ಳದೆ ಅಲ್ಲಿ ನೋಡಿಕೊಳ್ಳುತ್ತಿದ್ದಾರೆ.

ಊಟದ ಜಗಳ ಕೂಡ ನನಗೆ ಚೆನ್ನಾಗಿ ಗೊತ್ತು. ‘ಇನ್ನೆರಡು ತುತ್ತು’ ಎಂದು ನಿಮ್ಮ ಅಮ್ಮ ತಟ್ಟೆ ಹಿಡಿದು ನಿಲ್ಲುವುದು, ಅಪ್ಪ ಗೋಡೆಗೆ ಮುಖ ತಿರುಗಿಸುವುದು. ಹಸಿವು ಕಾಯಿಲೆಯೇ ಕಿತ್ತುಕೊಂಡಿದೆ, ತಿನ್ನಿಸುವವರ ತಪ್ಪಲ್ಲ. ಇದನ್ನು ಅಮ್ಮನಿಗೆ ನೀವು ಹೇಳಬೇಕು. ಎರಡು ಚಮಚ ಮಜ್ಜಿಗೆ ಸೇರಿದರೂ ಆಯಿತು. ನಾಟಿ ಔಷಧಿ, ಲಕ್ಷ್ಮಣ ಫಲ, ಯಾವುದೋ ಮರದ ಚಕ್ಕೆ ಎಂದು ದಿನಕ್ಕೊಬ್ಬರು ಬಂದು ಹೇಳುತ್ತಿರುತ್ತಾರೆ. ‘ಡಾಕ್ಟರನ್ನು ಕೇಳಿ ಹೇಳ್ತೀವಿ’ ಅಂದು ಕಾಫಿ ಕೊಟ್ಟು ಕಳಿಸಿ.

ಯಾರ ಹತ್ತಿರ ಹೇಳಿಕೊಳ್ಳಲಿ ಎಂದಿರಿ. ಇಷ್ಟು ದಿನ ಹೇಳಿಕೊಂಡದ್ದು ಬಸ್ಸಿನ ಕಿಟಕಿಗೆ. 14416ಕ್ಕೆ ಫೋನ್ ಮಾಡಿ. 2022ರಲ್ಲಿ ಸರ್ಕಾರ ಶುರುಮಾಡಿದ ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಅದು. ದುಡ್ಡಿಲ್ಲ, ಹಗಲು ರಾತ್ರಿಯೆಂದಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಹುಚ್ಚು ಹಿಡಿದವರು ಮಾತ್ರ ಮಾಡುವ ಫೋನಲ್ಲ. ಜೊತೆಗೆ ಆಫೀಸಿನಲ್ಲಿ ಒಬ್ಬರಿಗಾದರೂ ವಿಷಯ ತಿಳಿದಿರಲಿ. ಅಣ್ಣನೊಂದಿಗೆ ಪಾಳಿ ಹಾಕಿಕೊಳ್ಳಿ: ಒಂದು ವಾರ ನೀವು, ಒಂದು ವಾರ ಅವರು. ನೀವು ಹೋಗದ ಭಾನುವಾರ ನಿದ್ದೆ ಮಾಡಿದರೆ ಅದು ಅಪ್ಪನಿಗೆ ಮಾಡಿದ ದ್ರೋಹವಲ್ಲ.

ಈ ವಾರ ಹೋಗುವ ಮುಂಚೆ ತಿಪಟೂರು ಮಾರ್ಕೆಟ್ಟಿನ ಕೊಬ್ಬರಿ ರೇಟು ಕೇಳಿಕೊಂಡು ಹೋಗಿ. ಅಪ್ಪನಿಗೆ ಅದನ್ನು ಹೇಳಿ, ಪಕ್ಕದಲ್ಲಿ ಕೂತು ಕೇಳಿ: ‘ಯಾಕಪ್ಪಾ, ಈ ಸಲ ಇಷ್ಟು ಅವಸರ?’ ಅವರು ತಕ್ಷಣ ಏನೂ ಹೇಳದಿದ್ದರೆ ಎದ್ದು ಹೋಗಬೇಡಿ.