ಭೀಮಾ ನದಿಯಲ್ಲಿ ಹಿಡಿದ ಮೀನು ಬಿಟ್ಟರೂ ಸಾಯುತ್ತದೆ, ಇಟ್ಟುಕೊಂಡರೂ ಕೆಡುತ್ತದೆ. ಏನು ಮಾಡಬೇಕು?

ಸೊನ್ನ ಬ್ಯಾರೇಜ್ ಕಡೆ ಗಾಳ ಹಾಕುತ್ತೀರಿ, ವಾಪಸ್ ಬಿಟ್ಟ ಸಣ್ಣ ಮೀನು ಸ್ವಲ್ಪ ಹೊತ್ತಿಗೇ ಹೊಟ್ಟೆ ಮೇಲಾಗಿ ತೇಲುತ್ತವೆ, ಇಟ್ಟುಕೊಂಡವು ಕಲಬುರಗಿ ಮುಟ್ಟುವಷ್ಟರಲ್ಲಿ ನಾರುತ್ತವೆ ಅಂತ ಬರೆದಿದ್ದೀರಿ. ಎರಡಕ್ಕೂ ಮೊದಲ ಕಾರಣ ನಮ್ಮ ಬಿಸಿಲು. ಎರಡನೆಯದು, ಮೀನು ದಡಕ್ಕೆ ಬಂದ ಮೇಲೆ ಇಡೋಣವೋ ಬಿಡೋಣವೋ ಅಂತ ನಿಂತು ಯೋಚಿಸುವುದು. ಅದು ನೀರಿನಲ್ಲಿರುವಾಗಲೇ ತೀರ್ಮಾನ ಆಗಿರಬೇಕು.

20 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಹೆಚ್ಚೆಂದರೆ 9 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ, 30 ಡಿಗ್ರಿಯಲ್ಲಿ ಸುಮಾರು ಏಳೂವರೆ. ಬಿಸಿ ಏರಿದಂತೆ ಮೀನಿಗೆ ಬೇಕಾಗುವುದು ಹೆಚ್ಚು, ಸಿಗುವುದು ಕಡಿಮೆ. ಹಾಗಾಗಿ ಗಟ್ಟಿ ದಾರ ಹಾಕಿ ಬೇಗ ಎಳೆದುಕೊಳ್ಳಿ. ಆಟ ಆಡಿಸಿ ದಣಿಸಿದ ರೋಹು ಬಿಟ್ಟರೂ ಬದುಕುವುದು ಕಷ್ಟ. ಏಪ್ರಿಲ್, ಮೇ ತಿಂಗಳಲ್ಲಿ ನದಿಗೆ ಬೆಳಿಗ್ಗೆಯೇ ಹೋಗಿ. ಪಾಚಿ ಕಟ್ಟಿ ಹಸಿರಾದ ಕೆರೆಯ ಲೆಕ್ಕ ಬೇರೆ: ರಾತ್ರಿಯೆಲ್ಲ ಪಾಚಿಯೂ ಉಸಿರಾಡಿ, ಅಲ್ಲಿ ನಸುಕಿನಲ್ಲೇ ಆಮ್ಲಜನಕ ಅತಿ ಕಡಿಮೆ. ಮೀನು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಆವತ್ತು ಗಾಳ ಬಿಚ್ಚಲೇಬೇಡಿ.

ಬಿಡುವ ಉದ್ದೇಶವಿದ್ದರೆ ಕೊಕ್ಕೆಯ ತುದಿಯ ಹಿಂದಿರುವ ಚಿಕ್ಕ ಮುಳ್ಳನ್ನು ಮನೆಯಲ್ಲೇ ಇಕ್ಕಳದಿಂದ ಒತ್ತಿ ಮಟ್ಟ ಮಾಡಿ. ದಾರ ಸಡಿಲವಾಗದಿದ್ದರೆ ಮೀನು ತಪ್ಪಿಸಿಕೊಳ್ಳುವುದಿಲ್ಲ, ಬಿಡಿಸುವಾಗ ಬಾಯಿಯೂ ಹರಿಯುವುದಿಲ್ಲ. ಕೈ ಒದ್ದೆ ಮಾಡಿಕೊಂಡೇ ಮುಟ್ಟಿ. ಒಣ ಕೈ, ಟವೆಲ್, ಕಾದ ಬಂಡೆ, ಮರಳು, ಇವೆಲ್ಲ ಮೈಮೇಲಿನ ಲೋಳೆಯನ್ನು ಕಿತ್ತು ತೆಗೆಯುತ್ತವೆ. ಆ ಜಾಗದಲ್ಲಿ ಕೆಲವು ದಿನಗಳ ನಂತರ ಬೂಸ್ಟು ಹತ್ತಿ ಮೀನು ಸಾಯುತ್ತದೆ, ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಕಿವಿರಿನೊಳಗೆ ಬೆರಳು ಹಾಕಿ ಎತ್ತಬೇಡಿ. ಸಾಧ್ಯವಾದರೆ ನೀರಿನಲ್ಲೇ ಇಟ್ಟು ಕೊಕ್ಕೆ ಬಿಡಿಸಿ; ಮೇಲೆತ್ತಿದರೆ ನೀವು ಉಸಿರು ಕಟ್ಟಿ ನಿಲ್ಲುವಷ್ಟು ಹೊತ್ತು, ಅಷ್ಟೇ. ಫೋಟೋ ಕೂಡ ಅಷ್ಟರಲ್ಲೇ.

ಕೊಕ್ಕೆ ನುಂಗಿದ್ದರೆ ಒಳಗೆ ಕೈ ಹಾಕಿ ಕೀಳಬೇಡಿ, ಬಾಯಿಯ ಹತ್ತಿರ ದಾರ ಕತ್ತರಿಸಿ ಬಿಡಿ. ಬದುಕುವ ಸಾಧ್ಯತೆ ಹಾಗೆಯೇ ಹೆಚ್ಚು. ಕಿವಿರಿನಿಂದ ರಕ್ತ ಸುರಿಯುತ್ತಿದ್ದರೆ ಬಿಡುವುದರಲ್ಲಿ ಅರ್ಥವಿಲ್ಲ, ಅದು ಅಡುಗೆಗೆ.

ಬಿಡುವಾಗ ಎಸೆಯಬೇಡಿ. ಒಂದು ಕೈ ಬಾಲದ ಬುಡಕ್ಕೆ, ಇನ್ನೊಂದು ಹೊಟ್ಟೆಯ ಕೆಳಗೆ ಕೊಟ್ಟು, ತಲೆ ನೀರು ಬರುವ ದಿಕ್ಕಿಗೆ ಮಾಡಿ ಹಿಡಿಯಿರಿ. ಹಿಂದೆ ಮುಂದೆ ಜಗ್ಗಾಡುವವರು ಬಹಳ ಜನ. ಹಿಂದಕ್ಕೆ ಎಳೆದಾಗ ಕಿವಿರಿನಲ್ಲಿ ನೀರು ಉಲ್ಟಾ ಹರಿಯುತ್ತದೆ. ಬಾಲ ಬಡಿದು ತಾನೇ ಕೈಯಿಂದ ಜಾರಿ ಹೋಗಲಿ.

ಯಾವುದನ್ನು ಬಿಡಬೇಕು? ಅರ್ಧ ಕೆಜಿ ಒಳಗಿನ ಕಾಟ್ಲಾ, ರೋಹು ಇನ್ನೂ ಮೊಟ್ಟೆ ಇಟ್ಟಿರುವುದಿಲ್ಲ, ಬಿಡಿ. ಮಳೆ ಶುರುವಾದ ಮೇಲೆ ಹೊಟ್ಟೆ ತುಂಬಿದ ಹೆಣ್ಣನ್ನೂ ಬಿಡಿ. ಕೊರವ ಮೀನಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು: ಕೆಂಪು ಮರಿಗಳ ಗುಂಪು ನೀರಿನ ಮೇಲೆ ಗುಳುಗುಳು ಅನ್ನುತ್ತಿದ್ದರೆ ಕೆಳಗೆ ಕಾಯುವ ದೊಡ್ಡ ಮೀನು ಇರುತ್ತದೆ. ಅದನ್ನು ಹಿಡಿದರೆ ಮರಿಗಳೆಲ್ಲ ಬೇರೆ ಮೀನಿನ ಪಾಲು. ಜಿಲೇಬಿ ಮೀನು ಹೊರದೇಶದ್ದು, ಇಟ್ಟುಕೊಳ್ಳಲು ಸಂಕೋಚ ಬೇಡ. ಜೀವಂತವಾಗಿ ಕೊಡದಲ್ಲಿ ಒಯ್ದು ಊರ ಕೆರೆಗೆ ಮಾತ್ರ ಬಿಡಬೇಡಿ.

ಇನ್ನು ಇಟ್ಟುಕೊಳ್ಳುವುದು. ಒದ್ದಾಡಿ ಸತ್ತ ಮೀನು ಬೇಗ ಸೆಟೆಯುತ್ತದೆ, ಬೇಗ ಕೆಡುತ್ತದೆ. ಕಣ್ಣಿನ ಸ್ವಲ್ಪ ಹಿಂದೆ, ನೆತ್ತಿಯ ಮೇಲೆ ಕಟ್ಟಿಗೆಯಿಂದ ಒಂದೇ ಜೋರಾದ ಏಟು, ಕೂಡಲೇ ಕಿವಿರು ಕತ್ತರಿಸಿ ರಕ್ತ ಹೋಗಲು ಬಿಡಿ. ಹೊಟ್ಟೆ, ಕಿವಿರು ಎರಡನ್ನೂ ಅಲ್ಲೇ ತೆಗೆಯಿರಿ, ವಾಸನೆ ಶುರುವಾಗುವುದು ಅಲ್ಲಿಂದಲೇ. ಹಸಿರು ಪಿತ್ತಕೋಶ ಒಡೆದರೆ ಮಾಂಸ ಕಹಿ. ಶುಗರ್‌ಗೆ ಒಳ್ಳೆಯದು ಅಂತ ಕೆಲವರು ಅದನ್ನು ಹಸಿಯಾಗಿ ನುಂಗುತ್ತಾರೆ. ರೋಹು ಪಿತ್ತ ನುಂಗಿ ಕಿಡ್ನಿ ಕೆಟ್ಟವರಿದ್ದಾರೆ, ಆ ಹುಚ್ಚುತನ ಬೇಡ.

ಥರ್ಮಾಕೋಲ್ ಡಬ್ಬಿಯಲ್ಲಿ ಒಂದು ಕೆಜಿ ಮೀನಿಗೆ ಒಂದು ಕೆಜಿ ಐಸ್. ಗಡ್ಡೆಯನ್ನು ಪುಡಿ ಮಾಡಿ ಒಂದು ಪದರ ಐಸ್, ಒಂದು ಪದರ ಮೀನು ಹಾಕಿ, ಹೊಟ್ಟೆಯೊಳಗೂ ತುಂಬಿ. ಡಬ್ಬಿಯ ತಳಕ್ಕೆ ತೂತು ಇರಲಿ, ಕರಗಿದ ರಕ್ತದ ನೀರಿನಲ್ಲಿ ನೆನೆದರೆ ಐಸ್ ಇದ್ದೂ ಮೀನು ಕೆಡುತ್ತದೆ. ಐಸ್ ಸಿಗದಿದ್ದರೆ ಒದ್ದೆ ಗೋಣಿಚೀಲದಲ್ಲಿ ಸುತ್ತಿ ನೆರಳಲ್ಲಿ, ಗಾಳಿ ಆಡುವ ಕಡೆ ಇಡಿ. ನಮ್ಮ ಒಣ ಹವೆಗೆ ಅದು ಒಂದು ತಾಸು ತಡೆಯುತ್ತದೆ, ಕಲಬುರಗಿವರೆಗೆ ಅಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೈಕಿನ ಹ್ಯಾಂಡಲ್‌ಗೆ ನೇತು ಹಾಕಿದರೆ ದಾರಿಯಲ್ಲೇ ಬೇಯುತ್ತದೆ.